ನಿಂತಾಗ ಹುಕುಂ, ಕುಂತಾಗ ತಕರಾರು

ಹವಾಲ್ದಾರ ಕಾಕಾನ ದಳದ ವಿಷಯದಲ್ಲಿ ನಾನು ಮೊದಲಿನಿಂದಲೂ ವಿರೋಧ ಪಕ್ಷದವಳು. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ತಿಂಗಳು ಅವರು ತೀರಿಕೊಂಡ ಮೇಲೆ ನಮ್ಮೂರಿನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು ಅವರನ್ನು ‘ಶಿಸ್ತಿನ ಸಾಕಾರಮೂರ್ತಿ’ ಎಂದರು, ಇನ್ನೊಬ್ಬರು ‘ಈ ಮಣ್ಣಿನ ವೀರಪುತ್ರ’ ಎಂದರು, ಮತ್ತೊಬ್ಬರು ‘ಯುವಕರ ದಾರಿದೀಪ’ ಎಂದರು. ನಾಲ್ಕಾರು ವರ್ಷ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಅಲೆದು ನಾನು ಕಲಿತ ಪಾಠವೊಂದಿದೆ: ಪುರಾವೆ ಇಲ್ಲದ ವಿಶೇಷಣ ಕಿವಿಗೆ ಬಿದ್ದರೆ ಸುಮ್ಮನೆ ಕೂರಬಾರದು. ಆದರೆ ಸತ್ತವರ ಸಭೆಯಲ್ಲಿ ಎದ್ದು ‘ಇದಕ್ಕೆ ಆಧಾರವೇನು?’ ಎಂದು ಕೇಳುವುದು ಹೇಗೆ? ಹಾಗಾಗಿ ನನಗೆ ಗೊತ್ತಿದ್ದ ಆಧಾರಗಳನ್ನು ಇಲ್ಲಿ ಇಡುತ್ತಿದ್ದೇನೆ. ಮೂರ್ತಿ, ಪುತ್ರ, ದೀಪಗಳು ಇವುಗಳಿಂದ ಆಗುತ್ತವೆಯೋ ಇಲ್ಲವೋ, ಓದಿದವರೇ ಹೇಳಲಿ.

ಅವರ ಹೆಸರನ್ನು ಬರೆಯುವುದಿಲ್ಲ. ಊರಿನಲ್ಲಿ ಅದನ್ನು ಬಳಸುತ್ತಿದ್ದವನು ಪಿಂಚಣಿ ತರುವ ಪೋಸ್ಟಮನ್ ಒಬ್ಬನೇ. ಉಳಿದವರಿಗೆಲ್ಲ ಅವರು ಹವಾಲ್ದಾರ ಕಾಕಾ. ಗಿಡ್ಡ ಆಳು, ಗಟ್ಟಿ ಮೈ, ಮೀಸೆಯೂ ಸಾಧಾರಣ. ಬಲಗಿವಿ ಮಂದವಾಗಿತ್ತು. ಯಾರಾದರೂ ಮಾತಾಡಿದರೆ ಎಡಗಿವಿಯನ್ನು ಅವರತ್ತ ತಿರುಗಿಸಿ ತಲೆ ಬಾಗಿಸಿ ಕೇಳುತ್ತಿದ್ದರು. ವಾದ ಮಾಡುವವರಿಗೆ ಇದರಿಂದ ದೊಡ್ಡ ಮೋಸವಾಗುತ್ತಿತ್ತು. ನಮ್ಮ ಮಾತನ್ನು ಪೂರ್ತಿ ಒಪ್ಪಿದ್ದಾರೆ ಎಂದು ನಾವು ಹಿಗ್ಗುವ ಹೊತ್ತಿಗೆ, “ಆತು, ಈಗ ಮತ್ತೊಮ್ಮೆ ಹೇಳು, ಅರ್ಧ ಕೇಳಿಸಿಲ್ಲ,” ಎನ್ನುತ್ತಿದ್ದರು. ಯಾರ ಮನೆಗೆ ಹೋದರೂ ಅಲ್ಲಿ ಬಿದ್ದಿದ್ದ ಕೌದಿಯನ್ನು ಮಾತಾಡುತ್ತಲೇ ಮಡಿಚಿ, ಅಂಚಿಗೆ ಅಂಚು ಕೂಡಿಸಿ ಇಟ್ಟು ಬರುತ್ತಿದ್ದರು. ನಮ್ಮವ್ವ ಅವರು ಬರುವುದನ್ನು ಕಂಡರೆ ಹಾಸಿಗೆಯನ್ನು ಬೇಕೆಂದೇ ಹಾಗೇ ಬಿಡುತ್ತಿದ್ದಳು.

ಯುದ್ಧದ ಕತೆ ಅವರು ಹೇಳುತ್ತಿರಲಿಲ್ಲ. ಹುಡುಗರು ಕೇಳುವುದನ್ನು ಬಿಡುತ್ತಿರಲಿಲ್ಲ.

“ಸರ್ರ, ನೀವು ಎಷ್ಟ ಮಂದೀನ್ನ ಹೊಡದೀರಿ?”

“ಚಹಾ ಆರತೈತಿ, ಕುಡಿ.”

ಉತ್ತರ ಅಷ್ಟೇ. ಚಹಾ ಇಲ್ಲದಿದ್ದಾಗಲೂ ಅದೇ ಉತ್ತರ.

ನಮ್ಮದು ಕುಂದಗೋಳಕ್ಕೂ ಸಂಶಿಗೂ ನಡುವಿನ ಊರು. ನಾನು ಹುಬ್ಬಳ್ಳಿಯ ಕಾಲೇಜಿಗೆ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುತ್ತಿದ್ದ ಕಾಲಕ್ಕೆ ಅವರು ಸೈನ್ಯದಿಂದ ನಿವೃತ್ತರಾಗಿ ಬಂದರು. ಹೊಲವನ್ನು ತಮ್ಮಂದಿರು ಉಳುತ್ತಿದ್ದರು. ಅವರು ಸೈನ್ಯದಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅದೇ ವರ್ಷ ಹುಬ್ಬಳ್ಳಿ ಧಾರವಾಡದ ಕಡೆಯ ಮಾಜಿ ಸೈನಿಕರು ಕೆಲವರು ಸೇರಿ ಹಳ್ಳಿಗಳಲ್ಲಿ ತರುಣರ ದಳ ಕಟ್ಟಬೇಕೆಂದು ಸಂಘವೊಂದನ್ನು ಮಾಡಿದರು. ಸಂಘ ಖಾಕಿ ಚಡ್ಡಿ, ಸೀಟಿ, ಒಂದು ಡೋಲು ಕೊಡುವುದು. ಊರಿನ ನಿವೃತ್ತ ಸೈನಿಕ ಹುಡುಗರಿಗೆ ಕವಾಯತು ಕಲಿಸುವುದು. ನಮ್ಮೂರಿಗೆ ಹವಾಲ್ದಾರ ಕಾಕಾ. ಮೂವತ್ತು ಚಿಲ್ಲರೆ ಹುಡುಗರು ಸೇರಿದರು. ಅವರಲ್ಲಿ ನನ್ನ ತಮ್ಮ ಶಿವೂ ಒಬ್ಬ.

ಮೊದಲ ತೊಡಕು ನೆಲದ್ದು. ನಮ್ಮ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಹೆಜ್ಜೆ ಎತ್ತಿದರೆ ನೆಲವೂ ಕಾಲಿಗಂಟಿ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಬಿರುಕುಗಳು ಬೆರಳು ನುಂಗುತ್ತವೆ. ಊರಂಚಿನ ಗರಸು ದಿಬ್ಬದ ಮೇಲಿನ ನೀಲವ್ವ ಆಯಿಯ ಕಣವೊಂದೇ ವರ್ಷವಿಡೀ ಗಟ್ಟಿಯಾಗಿರುವ ಬಯಲು. ನೀಲವ್ವ ಆಯಿ ಗಂಡ ಸತ್ತ ಮೇಲೆ ಒಬ್ಬಳೇ ಒಕ್ಕಲುತನ ನಡೆಸಿದವಳು. ಅವಳ ಬಾಯಿಗೆ ಹೆದರದವರು ಊರಿನಲ್ಲಿ ಕಡಿಮೆ.

“ಕಣ ಕೊಡ್ತೀನಿ,” ಎಂದಳಂತೆ. “ಆದ್ರ ನನ್ನ ಎತ್ತು ಮುದಿ ಆಗ್ಯಾವ. ಸುಗ್ಗಿ ಮುಂದ ಕಣ ತುಳದು ಗಟ್ಟಿ ಮಾಡಾಕ ಮಂದೀ ಕೈಕಾಲು ಹಿಡೀಬೇಕಾಗೇತಿ. ನಿನ್ನ ಹುಡುಗೂರು ಧಪ್ ಧಪ್ ಅಂತ ಕಾಲು ಬಡಿತಾವಲ್ಲ, ನಾ ನೀರು ಹೊಡೀತೀನಿ, ಅವು ತುಳೀಲಿ.”

“ಆತು ಆಯಿ.”

“ಇನ್ನೊಂದು ಕೇಳಿಲ್ಲೆ. ಅದು ಕಾಳು ಬೀಳೂ ಜಾಗಾ. ಬೂಟು, ಚಪ್ಪಲಿ ಒಳಗ ಬಂತಂದ್ರ ನೀ ಮಿಲಿಟ್ರಿಯಂವ ಅಂತ ನೋಡಂಗಿಲ್ಲ.”

“ಆತು ಆಯಿ.”

ಸೈನ್ಯದಲ್ಲಿ ಬೂಟಿಲ್ಲದೆ ಕವಾಯತು ಇಲ್ಲ. ಕಣದಲ್ಲಿ ಬೂಟಿಗೆ ಪ್ರವೇಶವಿಲ್ಲ. ಕಾಕಾ ಈ ತೊಡಕನ್ನು ತಮ್ಮ ರೀತಿಯಲ್ಲಿ ಬಗೆಹರಿಸಿದರು. ಬೂಟು ಬಿಡುವುದನ್ನೇ ಕವಾಯತಿನ ಒಂದು ಭಾಗ ಮಾಡಿದರು. ಕಣದ ಸುತ್ತ ನೀಲವ್ವ ಬೂದಿಯ ಗೆರೆ ಎಳೆದಿರುತ್ತಿದ್ದಳು. ನಡುವೆ, ಒಕ್ಕಣೆಯಲ್ಲಿ ಎತ್ತು ಕಟ್ಟುವ ಮೇಟಿ ಕಂಬ. ಮುಂದಿನ ಸಾಲು ಗೆರೆಯ ಬಳಿ ನಿಂತು, ಬಗ್ಗಿ, ಕಾಲಲ್ಲಿದ್ದುದನ್ನು ಬಿಚ್ಚಿ, ಗೆರೆಗುಂಟ ನೆಟ್ಟಗೆ ಇಟ್ಟು ಒಳಗೆ ಹೋಗಬೇಕು. ಆಮೇಲೆ ಎರಡನೆಯ ಸಾಲು. ಒಬ್ಬನ ಕಾಲಲ್ಲಿ ಹವಾಯಿ ಚಪ್ಪಲಿ, ಮತ್ತೊಬ್ಬನ ಕಾಲಲ್ಲಿ ಅಪ್ಪನ ಹಳೇ ಕೆರ, ಇನ್ನೊಬ್ಬನಿಗೆ ಏನೂ ಇಲ್ಲ. ಇಲ್ಲದವನೂ ಗೆರೆಯ ಬಳಿ ಬಗ್ಗಿ ಏಳಬೇಕು. ಮೊದಮೊದಲು ಇದಕ್ಕೂ ಒಂದು ಹುಕುಂ ಇತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಬೇಡವಾಯಿತು. ಗೆರೆ ಕಂಡರೆ ಸಾಲು ತಾನಾಗಿ ಬಗ್ಗುತ್ತಿತ್ತು.

ಒಂದು ರವಿವಾರ ಶಿವೂನನ್ನು ಕರೆಯಲು ಹೋದವಳು ಇದನ್ನು ನೋಡಿ ನಗು ತಡೆಯಲಾರದೆ ಹೋದೆ.

“ಕಾಕಾ, ದೇಶದ ಸೈನ್ಯದ ಶಿಸ್ತು ಕಡೀಕ ನೀಲವ್ವ ಆಯಿಯ ಕಣ ತುಳಿಯೂದಕ್ಕ ಬಂದು ನಿಂತಿತೇನ್ರಿ?”

“ಏನರ ಉಪಯೋಗ ಆತಲ್ಲವಾ ಮತ್ತ,” ಎಂದರು.

“ಎತ್ತಿನ ಬದಲಿ ಹುಡುಗೂರು. ನನ್ನ ತಕರಾರೂ ಅದ ಐತ್ರಿ. ಎಡಕ್ಕ ತಿರಗು ಅಂದ್ರ ಎಡಕ್ಕ, ಬಲಕ್ಕ ತಿರಗು ಅಂದ್ರ ಬಲಕ್ಕ. ಯಾಕ ಅಂತ ಕೇಳದ ಹುಡುಗಗೂ ಎತ್ತಿಗೂ ಏನು ಫರಕು? ನಾಳೆ ಯಾರರೆ ಕೆಟ್ಟವರು ಬಂದು ಹುಕುಂ ಕೊಟ್ರ ಇವರು ಅದನ್ನೂ ಮಾಡ್ತಾರ.”

ಕಾಕಾ ಎಡಗಿವಿ ತಿರುಗಿಸಿ ತಲೆ ಬಾಗಿಸಿ ಕೇಳಿದರು. ಅರ್ಧ ಕೇಳಿಸಿಲ್ಲ ಎನ್ನಲಿಲ್ಲ. ಗೆದ್ದೆನೆಂದುಕೊಂಡು ಮನೆಗೆ ಬಂದೆ.

ಮುಂದಿನ ರವಿವಾರ ಶಿವೂ ಓಡಿ ಬಂದು, “ಅಕ್ಕಾ, ಸರ್ರು ನಿನ್ನ ಕರೀಲಿಕತ್ತಾರ. ವಕೀಲವ್ವನ್ನ ಕರಕೊಂಡ ಬಾ ಅಂದ್ರು,” ಎಂದ. ಹೋದರೆ ಕವಾಯತು ಮುಗಿದಿತ್ತು. ಹುಡುಗರೆಲ್ಲ ಕಣದ ಅಂಚಿನಲ್ಲಿ ಕೂತಿದ್ದರು. ಕಾಕಾ ಅವರ ಎದುರಿಗೆ ನೆಲದ ಮೇಲೆ ಕೂತು ಹೇಳಿದರು:

“ಇನ್ನ ತಕರಾರು. ಯಾರಿಗೆ ಏನು ತಕರಾರು ಐತಿ ಹೇಳ್ರಿ. ನನ್ನ ಮ್ಯಾಲೆ ಇದ್ರೂ ಹೇಳ್ರಿ. ನಿಂತಾಗ ಹುಕುಂ, ಕುಂತಾಗ ತಕರಾರು.”

ಯಾವ ಸೈನ್ಯದ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿ ನಮ್ಮೂರ ದಳದಲ್ಲಿ ಅಂದು ಶುರುವಾದದ್ದು ಕೊನೆಯವರೆಗೂ ನಡೆಯಿತು. ಮೊದಲು ಹಿಂದಿನ ಸಾಲಿನವನೊಬ್ಬ, “ಸರ್ರ, ನಿಮ್ಮ ಸೀಟಿಗೆ ನಮ್ಮ ಎಮ್ಮಿ ಬೆದರತೈತ್ರಿ, ಹಾಲಿಗೆ ತೊರಿ ಬಿಡವಲ್ದು ಅಂತ ನಮ್ಮವ್ವ ದಿನಾ ಬೈತಾಳ್ರಿ,” ಎಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಮರುದಿನದಿಂದ ಹಾಲು ಕರೆಯುವ ಹೊತ್ತಿನಲ್ಲಿ ಸೀಟಿ ಬಂದ್, ಚಪ್ಪಾಳೆಯ ಮೇಲೆ ಕವಾಯತು. ಅದನ್ನು ನೋಡಿದವರಿಗೆ ಏನೋ ಭಜನೆ ನಡೆದಂತೆ ಕಾಣುತ್ತಿತ್ತು.

ನಾನು ಆಗಾಗ ಹೋಗುತ್ತಿದ್ದೆ. ತಕರಾರು ಹೇಳಲು ಸಿಗುವ ಜಾಗವನ್ನು ಚರ್ಚಾಪಟುಗಳು ಬಿಡುವುದಿಲ್ಲ. ದಳದಲ್ಲಿ ಹುಡುಗಿಯರು ಯಾಕಿಲ್ಲ ಎಂದು ಕೇಳಿದೆ. “ಸಂಘದವರು ಒಪ್ಪಂಗಿಲ್ಲವಾ. ನನಗೂ ಅಷ್ಟು ಧೈರ್ಯ ಇಲ್ಲ,” ಎಂದರು. ಅಷ್ಟು ನೇರವಾಗಿ ಸೋಲೊಪ್ಪುವವರ ಜೊತೆ ವಾದ ಮಾಡುವುದು ಕಷ್ಟ. ಒಟ್ಟು ಲೆಕ್ಕದಲ್ಲಿ ಅವರು ನನ್ನನ್ನು ವಾದದಲ್ಲಿ ಸೋಲಿಸಿದ್ದೇ ಇಲ್ಲ. ಸೋಲಿಸುವ ಆಸೆ ಅವರಿಗೆ ಇದ್ದಂತೆಯೂ ಕಾಣಲಿಲ್ಲ.

ಒಂದು ಮಾತು ಮಾತ್ರ ಅವರ ಪರವಾಗಿ ದಾಖಲಾಗಬೇಕು. ಸಾಲು ನಿಲ್ಲಿಸುವಾಗ ಅವರು ಎತ್ತರ ನೋಡಿ ನಿಲ್ಲಿಸುತ್ತಿದ್ದರು. ಹಾಗಾಗಿ ಊರಿನ ದೊಡ್ಡ ಮನೆಯೊಂದರ ಹುಡುಗನ ಪಕ್ಕದಲ್ಲಿ ಊರಾಚೆಯ ಕೇರಿಯ ಹುಡುಗ ಬಂದ. ಹೆಗಲಿಗೆ ಹೆಗಲು ತಾಗಬೇಕೆಂಬುದು ಕವಾಯತಿನ ನಿಯಮ. ದೊಡ್ಡ ಮನೆಯ ಅಪ್ಪ ಕಣದ ತನಕ ಬಂದು, “ಸ್ವಲ್ಪ ಆಕಡೆ ಈಕಡೆ ಮಾಡಿ ನಿಲ್ಲಸ್ರಿ ಹವಾಲ್ದಾರ್ರ,” ಎಂದರು.

“ಎತ್ತರದ ಮ್ಯಾಲೆ ನಿಲ್ಲಸೀನ್ರಿ,” ಎಂದರು ಕಾಕಾ. “ಬ್ಯಾರೆ ಅಳತಿ ನನಗ ಕಲಿಸಿಲ್ರಿ.”

ಆ ಹುಡುಗ ಒಂದು ವಾರ ಬರಲಿಲ್ಲ. ಆಮೇಲೆ ಬಂದ. ಅದೇ ಜಾಗದಲ್ಲಿ ನಿಂತ.

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಒಮ್ಮೆ ಸ್ಟೇಶನ್ನಿನಲ್ಲಿ ಕೇಳಿದೆ. ನನ್ನ ರೈಲು ತಡವಾಗಿತ್ತು. ಅವರು ಸುಮ್ಮನೆ ರೈಲು ನೋಡಲು ಬಂದಿದ್ದರು. ದೇಶ, ಶಿಸ್ತು ಎಂದೇನಾದರೂ ಹೇಳುತ್ತಾರೆ, ಹಿಡಿದು ಬಿಡೋಣ ಎಂದು ನಾನು ಕಾಯುತ್ತಿದ್ದೆ.

“ಅಲ್ಲಿ ಮಿಲಿಟ್ರ್ಯಾಗ ಇರೂತನಾ ನನ್ನ ಎಡಕ್ಕೊಬ್ಬ ಇದ್ದ, ಬಲಕ್ಕೊಬ್ಬ ಇದ್ದ,” ಎಂದರು. “ಉಣ್ಣಾಗ, ಮಲಗಾಗ, ನಡೆಯಾಗ. ಅವರ ಭಾಷಾ ನನಗ ಬರತಿರಲಿಲ್ಲ, ನನ್ನದು ಅವರಿಗೆ ಬರತಿರಲಿಲ್ಲ. ಆದ್ರೂ ಬಾಜೂಕ ಇದ್ರು. ಊರಿಗೆ ಬಂದೆ ನೋಡವಾ, ಎರಡೂ ಕಡೆ ಖಾಲಿ. ಈ ದಳ ಇಲ್ಲಂದ್ರ ನಾನು ಚಹಾದಂಗಡ್ಯಾಗ ಕುಂತು ಪೇಪರ್ ಓದೂ ಪಿಂಚಣಿದಾರ. ಅಷ್ಟ.”

ಇದನ್ನು ಖಂಡಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ರೈಲು ಬಂತು.

ಮೂರನೆಯ ವರ್ಷದ ಕೊನೆಗೆ ಸಂಘದಿಂದ ಸುದ್ದಿ ಬಂತು. ಜನವರಿ ಇಪ್ಪತ್ತಾರಕ್ಕೆ ಕುಂದಗೋಳದಲ್ಲಿ ಎಲ್ಲ ಊರುಗಳ ದಳಗಳ ಕವಾಯತು. ಚೆನ್ನಾಗಿ ಮಾಡಿದ ದಳಗಳನ್ನು ಮಾತ್ರ ಸಂಘ ಮುಂದುವರಿಸುತ್ತದೆ, ಉಳಿದವು ಬಂದ್. ಜೊತೆಗೆ ಎಲ್ಲ ಹುಡುಗರಿಗೂ ಬಿಳಿ ಕ್ಯಾನ್ವಾಸ್ ಬೂಟು ಬಂದವು. ಕಾಕಾ ಅಂದಿನಿಂದ ಚಹಾ ಆರಿಹೋದ ಮೇಲೆ ಕುಡಿಯುತ್ತಿದ್ದರು; ಅವರ ಚಿಂತೆ ಕಾಣುತ್ತಿದ್ದುದು ಅಷ್ಟರಲ್ಲೇ. ಬೂಟು ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಅಭ್ಯಾಸ, ಬಸ್ಸು ಬಂದರೆ ಪಕ್ಕಕ್ಕೆ. ಆಮೇಲೆ ಕಣಕ್ಕೆ ಬಂದು, ಗೆರೆಯ ಬಳಿ ಹೊಸ ಬೂಟು ಬಿಚ್ಚಿ, ಒಳಗೆ ಮತ್ತೆ ಅಭ್ಯಾಸ. ಹುಡುಗರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಹೆಜ್ಜೆ ಮಾತ್ರ ತಪ್ಪುತ್ತಿರಲಿಲ್ಲ. ಅದನ್ನು ವಿರೋಧ ಪಕ್ಷದವಳಾದ ನಾನೂ ಒಪ್ಪಬೇಕು.

ಆ ದಿನ ಊರಿನಿಂದ ಎರಡು ಟ್ರ್ಯಾಕ್ಟರು ತುಂಬ ಜನ ಹೋದೆವು. ನೀಲವ್ವ ಆಯಿ ಟ್ರೇಲರಿನ ಮುಂದುಗಡೆ ಕೂತಿದ್ದಳು. ಕುಂದಗೋಳದ ಮೈದಾನವನ್ನು ನೀರು ಹೊಡೆದು ರೋಲರು ಹಾಯಿಸಿ ನುಣ್ಣಗೆ ಮಾಡಿದ್ದರು. ಸುತ್ತಲೂ ಸುಣ್ಣದ ಗೆರೆ. ನಡುವೆ ಧ್ವಜದ ಕಂಬ.

ಮೊದಲಿನ ಎರಡು ಊರಿನ ದಳಗಳು ಬೂಟು ಸಪ್ಪಳ ಮಾಡುತ್ತ ಹೋದವು. ಮೂರನೆಯದು ನಮ್ಮದು. ಡೋಲು ಬಡಿಯಿತು. ಎದೆ ಮುಂದೆ ಮಾಡಿ ಬಂದರು. ಬಿಳಿ ಗೆರೆಯ ಹತ್ತಿರ ಬಂದದ್ದೇ ತಡ, ಮುಂದಿನ ಸಾಲು ನಿಂತಿತು. ಬಗ್ಗಿತು. ಬೂಟಿನ ದಾರ ಬಿಚ್ಚತೊಡಗಿತು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಮೈದಾನ ನೋಡಿದೆ. ನೀರು ಹೊಡೆದು ಗಟ್ಟಿ ಮಾಡಿದ ನೆಲ, ಸುತ್ತ ಗೆರೆ, ನಡುವೆ ಕಂಬ. ಮೂರು ವರ್ಷ ಅವರು ತುಳಿದದ್ದು ಇಂಥದ್ದನ್ನೇ. ಮುಂದಿನ ಸಾಲು ಬೂಟನ್ನು ಗೆರೆಗುಂಟ ನೆಟ್ಟಗೆ ಇಟ್ಟು ಒಳಗೆ ಹೋಯಿತು. ಎರಡನೆಯ ಸಾಲು ಬಗ್ಗಿತು. ಗದ್ದಲವಿಲ್ಲ, ನೂಕಾಟವಿಲ್ಲ. ಜನ ನಗತೊಡಗಿದರು. ಎಲ್ಲಿಂದಲೋ ಒಬ್ಬ, “ಲೇ, ಗುಡಿಗೆ ಬಂದಾರೇನಲೇ!” ಎಂದು ಕೂಗಿದ. ಹುಡುಗರಿಗೆ ಅಷ್ಟು ಹೊತ್ತಿಗೆ ಎಚ್ಚರವಾಗಿತ್ತು. ಶಿವೂ ಒಂದು ಕೈಯಲ್ಲಿ ಬೂಟು ಹಿಡಿದು ಹಾಕಿಕೊಳ್ಳಲೋ ಇಡಲೋ ಗೊತ್ತಾಗದೆ ಕಾಕಾನ ಕಡೆ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿದ್ದವು.

ಕಾಕಾ ಪಕ್ಕದಲ್ಲಿ ನಿಂತಿದ್ದರು. ಇಸ್ತ್ರಿಯ ಅಂಗಿ, ಎದೆಯ ಮೇಲೆ ಪದಕಗಳು, ಮುಖ ಕಾಣುವಷ್ಟು ಹೊಳೆಯುವ ಬೂಟು. ಒಂದು ಹುಕುಂ ಸಾಕಿತ್ತು; ಹುಡುಗರು ಮತ್ತೆ ಬೂಟು ಹಾಕಿಕೊಳ್ಳುತ್ತಿದ್ದರು. ಅವರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಒಂದು ಮೊಣಕಾಲೂರಿ ಕೂತು ತಮ್ಮ ಬೂಟಿನ ದಾರ ಬಿಚ್ಚತೊಡಗಿದರು. ಉದ್ದನೆಯ ದಾರ, ವಯಸ್ಸಾದ ಬೆರಳು. ಇಡೀ ಮೈದಾನ ಕಾಯಿತು. ಬೂಟಿನಿಂದ ಹೊರಬಂದ ಕಾಲುಚೀಲದಲ್ಲಿ ಹೆಬ್ಬೆರಳು ಇಣುಕಿದ್ದನ್ನು ಕಂಡು ಜನ ಮತ್ತೊಮ್ಮೆ ನಕ್ಕರು. ಅವರು ತಮ್ಮ ಬೂಟನ್ನು ಸಾಲಿನ ತುದಿಯಲ್ಲಿ ನೆಟ್ಟಗೆ ಇಟ್ಟು, ಗೆರೆ ದಾಟಿ, “ದಳ್, ಸಾವಧಾನ್!” ಎಂದರು.

ಹುಡುಗರು ಬರಿಗಾಲಿನಲ್ಲಿ ನಡೆದರು. ಸಪ್ಪಳವೇ ಇರಲಿಲ್ಲ. ನಗು ನಿಂತದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ನೀಲವ್ವ ಆಯಿ ನನ್ನ ಪಕ್ಕದಲ್ಲಿ, “ಹಾಂ, ಹಂಗ ತುಳೀರಿ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕವಾಯತು ಮುಗಿದ ಮೇಲೆ ಸಂಘದ ಮುಖ್ಯಸ್ಥರಾದ ಕ್ಯಾಪ್ಟನ್ ಸಾಹೇಬರು ಕಾಕಾನನ್ನು ವೇದಿಕೆಯ ಬದಿಗೆ ಕರೆದರು. ಶಿವೂನನ್ನು ಸಮಾಧಾನ ಮಾಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಸಾಹೇಬರು ಕೆಟ್ಟವರಲ್ಲ, ಅವರ ಮಾತಿನಲ್ಲಿ ತರ್ಕವೂ ಇತ್ತು.

“ಹವಾಲ್ದಾರ್, ಸಮವಸ್ತ್ರ ಅರ್ಧ ಬಿಚ್ಚಿ ಪರೇಡ್ ಮಾಡೂದು ಎಲ್ಲ್ಯಾದ್ರೂ ಐತೇನ್ರಿ? ಹುಡುಗೂರು ತಪ್ಪಿ ಮಾಡಿದ್ರ ಮುಂದಿನ ಸಾಲಿನವರ ಹೆಸರು ದಳದಿಂದ ತಗೀರಿ, ಉಳಿದವರಿಗೆ ಇನ್ನೊಂದು ವರ್ಷ ಕೊಡೂಣು. ನೀವ ಹುಕುಂ ಕೊಟ್ಟಿದ್ರ ಮಾತ್ರ ದಳಾನ ಬಂದ್ ಮಾಡಬೇಕಾಗತೈತಿ. ಹೇಳ್ರಿ, ಯಾರ ಹುಕುಂ?”

ಮುಂದಿನ ಸಾಲಿನಲ್ಲಿದ್ದವರು ಶಿವೂ, ದೊಡ್ಡ ಮನೆಯ ಹುಡುಗ, ಅವನ ಪಕ್ಕದ ಊರಾಚೆಯ ಹುಡುಗ ಮತ್ತು ಇನ್ನು ಕೆಲವರು.

ಕಾಕಾ ಎಡಗಿವಿ ತಿರುಗಿಸಲಿಲ್ಲ. ನೆಟ್ಟಗೆ ನಿಂತಿದ್ದರು, ಬರಿಗಾಲಿನಲ್ಲಿ.

“ನಂದ ಹುಕುಂ, ಸಾಬ್.”

ಅಲ್ಲಿಗೆ ಮುಗಿಯಿತು. ಆ ವಾರವೇ ಸಂಘದವರು ಬಂದು ಡೋಲು, ಸೀಟಿ, ಬೂಟುಗಳನ್ನು ತೆಗೆದುಕೊಂಡು ಹೋದರು. ನಮ್ಮೂರ ದಳ ಸಂಘದ ಲೆಕ್ಕದಿಂದ ಹೋಯಿತು.

ರವಿವಾರ ಕಣಕ್ಕೆ ಯಾರೂ ಬರಲಾರರು ಎಂದುಕೊಂಡಿದ್ದೆ. ಎಲ್ಲರೂ ಬಂದಿದ್ದರು. ಚಪ್ಪಾಳೆಯ ಮೇಲೆ ಕವಾಯತು ನಡೆಯಿತು. ಮುಗಿದ ಮೇಲೆ ಕೂತರು. ಕಾಕಾ ಎಂದಿನಂತೆ, “ಇನ್ನ ತಕರಾರು,” ಎಂದರು.

ಶಿವೂ ಬಹಳ ಹೊತ್ತು ನೆಲ ಕೆರೆದ. ಕೊನೆಗೆ, “ಸರ್ರ, ನೀವು ಹುಕುಂ ಕೊಟ್ಟಿರಲಿಲ್ರಿ. ಮ್ಯಾಲಿನವರ ಮುಂದ ಸುಳ್ಳ ಹೇಳಬಾರದು ಅಂತ ನೀವ ಹೇಳಿದ್ರಿ. ಮತ್ಯಾಕ ಹೇಳಿದ್ರಿ?” ಎಂದ.

“ಸುಳ್ಳಲ್ಲ,” ಎಂದರು ಕಾಕಾ. “ಮೂರು ವರ್ಷ ದಿನಾ ನಡದದ್ದು ನನ್ನ ಹುಕುಂ. ಅವತ್ತ ಬಾಯಿಲೆ ಕೊಡಲಿಲ್ಲ, ಅಷ್ಟ.”

ನಾನು ಬಿಡಲಿಲ್ಲ. ಯಾಕೆ ಬಿಡಬೇಕು? “ಕಾಕಾ, ಹಂಗಾರ ನನ್ನ ಮಾತು ಖರೆ ಆತಲ್ರಿ. ಗೆರಿ ಕಂಡ ಕೂಡ್ಲೆ ಬಗ್ಗಿದ್ರು. ವಿಚಾರ ಮಾಡಿ ಬಗ್ಗಲಿಲ್ಲ.”

“ಹೌದವಾ. ನಿನ್ನ ಮಾತು ಖರೆ.”

“ಮತ್ತ ನೀವು? ನೀವೂ ಹಂಗ ಬಿಚ್ಚಿದ್ರೇನು?”

“ಇಲ್ಲವಾ. ನಾ ವಿಚಾರ ಮಾಡಿ ಬಿಚ್ಚಿದೆ.”

“ಏನಂತ?”

ಅವರು ಕೂತಲ್ಲೇ ಹುಡುಗರ ಕಡೆ ಒಮ್ಮೆ ನೋಡಿದರು.

“ಎಡಕ್ಕ ಬಲಕ್ಕ ಎಲ್ಲಾರೂ ಬರಿಗಾಲಿಲೆ ನಿಂತಿದ್ರು.”

ಆಮೇಲೆ ಯಾರಿಗೂ ತಕರಾರು ಇರಲಿಲ್ಲ. ನೀಲವ್ವ ಆಯಿ ಚಹಾ ತಂದಳು. “ಸಂಘ ಬಿಟ್ರ ಬಿಡಲಿ. ಕಣ ಎಲ್ಲಿ ಹೋಗೇತಿ?” ಎಂದಳು.

ದಳ ಇನ್ನೂ ಕೆಲವು ವರ್ಷ ನಡೆಯಿತು. ಖಾಕಿ ಹರಿಯಿತು, ಹೊಸದು ಬರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಊರಾಚೆಯ ಹುಡುಗ ಸೈನ್ಯಕ್ಕೆ ಸೇರಿದ. ಶಿವೂ ಬಸ್ ಕಂಡಕ್ಟರ್ ಆದ. ಕೊನೆಗೆ ಕಣದಲ್ಲಿ ಕಾಕಾ ಮತ್ತು ನಾಲ್ಕೈದು ಜನ. ಅವರೂ ಕವಾಯತಿಗಿಂತ ತಕರಾರಿಗೆ ಹೆಚ್ಚು ಬರುತ್ತಿದ್ದರು. ಚಹಾದಂಗಡಿಯಲ್ಲಿ ಪೇಪರ್ ಓದುತ್ತ ಕೂತ ಕಾಕಾನನ್ನು ನಾನು ಎಂದೂ ನೋಡಲಿಲ್ಲ.

ಶ್ರದ್ಧಾಂಜಲಿ ಸಭೆ ಆ ಕಣದಲ್ಲೇ ನಡೆಯಿತು. ಕ್ಯಾಪ್ಟನ್ ಸಾಹೇಬರೂ ಬಂದಿದ್ದರು. ಗೆರೆಯ ಬಳಿ ಸಾಲಾಗಿ ನೆಟ್ಟಗೆ ಇಟ್ಟ ಚಪ್ಪಲಿ ಬೂಟುಗಳನ್ನು ಕಂಡು ನಿಂತರು, ಆಮೇಲೆ ಬಗ್ಗಿ ತಮ್ಮವನ್ನೂ ಬಿಚ್ಚಿಟ್ಟರು. ಮೂರ್ತಿ, ಪುತ್ರ, ದೀಪಗಳೆಲ್ಲ ಮುಗಿದವು. ವಂದನಾರ್ಪಣೆ ಆಗಬೇಕಿತ್ತು. ಆಗ ಶಿವೂ ಎದ್ದು ನಿಂತವನು ಮತ್ತೆ ಕೂತು, “ಇನ್ನ ತಕರಾರು,” ಎಂದ.

ಹಳೆಯ ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಸತ್ತವರ ಸಭೆಯಲ್ಲಿ ಎದ್ದು ಕೇಳುವುದು ಹೇಗೆ ಎಂದು ಮೇಲೆ ಬರೆದೆನಲ್ಲ, ಏಳದೆ ಕೂತೇ ಹೇಳಿದೆ.

“ನನ್ನದೊಂದು ಐತಿ. ಹುಕುಂ ಕೇಳಿ ಕೇಳಿ ಮನುಷ್ಯಾ ಎತ್ತ ಆಗತಾನ ಅಂತ ನಾ ಅವತ್ತ ಅಂದಿದ್ದೆ. ಇವತ್ತೂ ಹಂಗ ಅಂತೀನಿ. ಅದಕ್ಕ ಉತ್ತರ ಇನ್ನೂ ಬಂದಿಲ್ಲ.”

ಎಲ್ಲರೂ ಅಭ್ಯಾಸಬಲದಿಂದ ಕಾಕಾ ಕೂರುತ್ತಿದ್ದ ಜಾಗದ ಕಡೆ ನೋಡಿದರು. ಅಲ್ಲಿ ಯಾರೂ ಕೂತಿರಲಿಲ್ಲ. ಸೈನ್ಯದಿಂದ ರಜೆಯ ಮೇಲೆ ಬಂದಿದ್ದ ಊರಾಚೆಯ ಹುಡುಗ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದ. ಕ್ಯಾಪ್ಟನ್ ಸಾಹೇಬರು ತಮ್ಮ ಬರಿಗಾಲನ್ನು ನೋಡಿಕೊಳ್ಳುತ್ತಿದ್ದರು.

“ಚಹಾ ಆರತೈತಿ, ಕುಡಿ,” ಎಂದಳು ನೀಲವ್ವ ಆಯಿ, ಲೋಟ ನನ್ನ ಮುಂದೆ ಇಟ್ಟು.

ಕುಡಿದೆ. ಎದುರು ಪಕ್ಷದವರು ಬಾರದೆ ಗೆದ್ದದ್ದನ್ನು ನಮ್ಮ ಸ್ಪರ್ಧೆಗಳಲ್ಲಿ ಗೆಲುವೆಂದು ಹಿಡಿಯುವುದಿಲ್ಲ.